ನೆಲದ ನೀರು, ನಮ್ಮ ಎಲುಬು



ಕಪ್ಪತಗುಡ್ಡದ ಸುತ್ತಲಿನ ಮುಂಡರಗಿ, ಶಿರಹಟ್ಟಿ ಸೀಮೆಯ ಹಲವು ಊರುಗಳಲ್ಲಿ ಶಾಲೆಯ ಮಕ್ಕಳು ನಕ್ಕರೆ ಮುಂದಿನ ಹಲ್ಲುಗಳ ಮೇಲೆ ಅಡ್ಡಗೆರೆ ಕಾಣುತ್ತವೆ. ಮೊದಲು ಸುಣ್ಣ ಬಳಿದ ಹಾಗೆ ಬಿಳಿ, ಬರಬರುತ್ತ ಹಳದಿ, ಆಮೇಲೆ ಕಂದು. ಹಲ್ಲು ತಿಕ್ಕೋದಿಲ್ಲ ಎಂದು ಮನೆಯಲ್ಲೂ ಶಾಲೆಯಲ್ಲೂ ಬೈಸಿಕೊಳ್ಳುವ ಮಕ್ಕಳು ಇವರು. ಆದರೆ ಅದು ತಿಕ್ಕಿದರೆ ಹೋಗುವ ಕಲೆಯಲ್ಲ. ಆರೇಳು ವರ್ಷಕ್ಕೆ ಹುಟ್ಟುವ ಆ ಹಲ್ಲಿನ ಹೊಳಪು ಪದರ ದವಡೆಯ ಒಳಗೆ ತಯಾರಾಗಿದ್ದು ಮಗು ಇನ್ನೂ ತೊದಲು ಮಾತಾಡುವ ಕಾಲದಲ್ಲಿ. ಆಗ ಕುಡಿದ ನೀರಿನ ಫ್ಲೋರೈಡ್ ಆಗಲೇ ಗುರುತು ಹಾಕಿಬಿಟ್ಟಿದೆ.

ಎಂಟು ವರ್ಷ ದಾಟಿದ ಮೇಲೆ ಅದೇ ನೀರು ಕುಡಿದರೆ ಮುಂದಿನ ಹಲ್ಲಿಗೆ ಏನೂ ಆಗುವುದಿಲ್ಲ. ಹೊಳೆದಂಡೆಯ ಊರಿನಿಂದ ಬೋರಿಂಗ್ ಊರಿಗೆ ಸೊಸೆಯಾಗಿ ಬಂದ ಹೆಣ್ಣುಮಗಳ ಹಲ್ಲು ಕೊನೆಯತನಕ ಬೆಳ್ಳಗೇ ಇರಬಹುದು. ಆದರೆ ವರ್ಷಗಟ್ಟಲೆ ಫ್ಲೋರೈಡ್ ಅವಳ ಎಲುಬಿನಲ್ಲಿ, ಕೀಲಿನ ನಾರುಗಳಲ್ಲಿ ಕೂಡುತ್ತಾ ಹೋಗುತ್ತದೆ. ಇದನ್ನು ಪರೀಕ್ಷಿಸಲು ಯಂತ್ರವೇ ಬೇಕೆಂದಿಲ್ಲ. ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಬೇಕು. ಗದ್ದವನ್ನು ಎದೆಗೆ ತಾಗಿಸಬೇಕು. ಎರಡೂ ಕೈ ಎತ್ತಿ ತಲೆಯ ಹಿಂದೆ ಹಿಡಿಯಬೇಕು. ಐವತ್ತು ಮುಟ್ಟುವುದರೊಳಗೆ ಈ ಮೂರೂ ಆಗದವರು ನಮ್ಮಲ್ಲಿದ್ದಾರೆ. ಅವರು ಅದನ್ನು ‘ವಾಯು’ ಎನ್ನುತ್ತಾರೆ, ‘ವಯಸ್ಸಾತು’ ಎನ್ನುತ್ತಾರೆ, ನೋವಿನ ಗುಳಿಗೆ ನುಂಗಿ ಹೊಲಕ್ಕೆ ಹೋಗುತ್ತಾರೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯಬಹುದು ಎನ್ನುತ್ತದೆ ಭಾರತೀಯ ಮಾನಕ. ಈ ಅಂಕಿ ನಿಮಗೆ ಹೊಸದಲ್ಲ. ನಾನು ಇಲ್ಲಿಗೆ ಬಂದದ್ದು ಇನ್ನೊಂದು ಮಾತು ಹೇಳುವುದಕ್ಕೆ: ಒಂದೇ ಬೋರಿನ ನೀರು ಎಲ್ಲರ ಮೈಗೂ ಒಂದೇ ಥರ ತಾಗುವುದಿಲ್ಲ. ಯಾವ ವಯಸ್ಸಿನಲ್ಲಿ ಕುಡಿದಿರಿ, ಜೊತೆಗೆ ಏನು ಉಂಡಿರಿ, ಎಷ್ಟು ಬಿಸಿಲಲ್ಲಿ ದುಡಿದಿರಿ, ಇವೆಲ್ಲ ಸೇರಿ ರೋಗ ಯಾರಿಗೆ ಎಂದು ತೀರ್ಮಾನವಾಗುತ್ತದೆ.

ಬೋರಿಂಗ್ ಬಂದದ್ದಾದರೂ ಯಾಕೆ? ನಮ್ಮ ಹಿರಿಯರು ಕೆರೆಬಾವಿಗಳ ನೀರು ಕುಡಿದವರು. ಮೆಟ್ಟಿಲು ಬಾವಿಗೆ ಇಳಿದು, ಕಾಲು ನೆನೆಸಿ ಕೊಡ ತುಂಬುತ್ತಿದ್ದ ಆ ಕಾಲದಲ್ಲಿ ಉತ್ತರ ಕರ್ನಾಟಕದಲ್ಲಿ ನಾರುಹುಣ್ಣು ಇತ್ತು. ಕಾಲಿನಿಂದ ಹೊರಬರುವ ಉದ್ದನೆಯ ಹುಳವನ್ನು ಕಡ್ಡಿಗೆ ಸುತ್ತಿ, ಹರಿಯದ ಹಾಗೆ ದಿನಕ್ಕಿಷ್ಟೇ ಎಳೆಯಬೇಕಿತ್ತು. ಅದಕ್ಕೆ ಲಸಿಕೆ ಇರಲಿಲ್ಲ, ಔಷಧವೂ ಇರಲಿಲ್ಲ. ನೀರು ಸೋಸಿ ಕುಡಿದದ್ದರಿಂದ, ಮೆಟ್ಟಿಲು ಬಾವಿ ಮುಚ್ಚಿದ್ದರಿಂದ, ಊರೂರಿಗೆ ಕೈಪಂಪು ಹಾಕಿದ್ದರಿಂದ ಅದು ಹೋಯಿತು. 1996ರಲ್ಲಿ ದೇಶದ ಕೊನೆಯ ಪ್ರಕರಣ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತ ಎಂದು ಸಾರಿತು. ಅದು ದೊಡ್ಡ ಗೆಲುವು, ಯಾರೂ ಕಡೆಗಣಿಸಬಾರದು.

ಆದರೆ ಕೆರೆಯಲ್ಲಿ ನಿಂತ ಮಳೆನೀರಿಗೆ ಬಂಡೆಯ ಸಹವಾಸ ಕಡಿಮೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ಉಳಿದ ನೀರು ಅಲ್ಲಿಯ ಖನಿಜ ಕರಗಿಸಿಕೊಂಡೇ ಮೇಲೆ ಬರುತ್ತದೆ. ನೀರಿನಲ್ಲಿ ಸೋಡಾ ಗುಣ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡ್ ಸಲೀಸಾಗಿ ಕರಗುತ್ತದೆ. ಬರದ ಮೇಲೆ ಬರ ಬಂದು ಬೋರು ಆಳಕ್ಕೆ ಇಳಿದವು. ಕೆರೆ ಹೂಳು ತುಂಬಿದವು. ಕಣ್ಣಿಗೆ ಕಾಣುವ ರೋಗ ಹೋಗಿ, ಇಪ್ಪತ್ತು ವರ್ಷದ ನಂತರ ಕಾಣುವ ರೋಗ ಬಂತು.

ಇನ್ನು ದುಡಿಮೆಯ ಮಾತು. ಏಪ್ರಿಲ್ ಬಿಸಿಲಲ್ಲಿ ಹೊಲದಲ್ಲಿ ಬಗ್ಗಿ ನಿಂತವನು ನೆರಳಲ್ಲಿ ಕುರ್ಚಿಯ ಮೇಲೆ ಕೂತವನಿಗಿಂತ ಎಷ್ಟೋ ಹೆಚ್ಚು ನೀರು ಕುಡಿಯುತ್ತಾನೆ. ನೀರು ಹೆಚ್ಚಾದಷ್ಟು ಫ್ಲೋರೈಡೂ ಹೆಚ್ಚು. ಊರಿನ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ತುಂಬಿಸಿದ ಕ್ಯಾನು ಮನೆಯಲ್ಲಿ ಇರುತ್ತದೆ, ಹೊಲಕ್ಕೆ ಬರುವುದಿಲ್ಲ. ಅಲ್ಲಿ ಪಂಪ್‌ಸೆಟ್ಟಿನ ನೀರೇ ಗತಿ. ಮನೆಯಲ್ಲಾದರೂ ಕ್ಯಾನಿನ ನೀರು ಕುಡಿಯುವುದಕ್ಕಷ್ಟೇ. ಹಿಟ್ಟು ನಾದುವುದು, ಬೇಳೆ ಬೇಯಿಸುವುದು, ಚಹಾ ಕಾಸುವುದು ಎಲ್ಲ ಬೋರಿನ ನೀರಲ್ಲಿ. ಕುದಿಸಿದರೆ ಕ್ರಿಮಿ ಸಾಯುತ್ತವೆ ನಿಜ. ಫ್ಲೋರೈಡ್ ಮಾತ್ರ ಹೋಗುವುದಿಲ್ಲ, ನೀರು ಇಂಗಿದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ.

ತಾಟಿನ ಲೆಕ್ಕವೂ ಇದೆ. ಜೋಳ ಉಣ್ಣುವವರ ಮೈಯಲ್ಲಿ ಅಕ್ಕಿ ಉಣ್ಣುವವರಿಗಿಂತ ಹೆಚ್ಚು ಫ್ಲೋರೈಡ್ ಉಳಿಯುತ್ತದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1970ರ ದಶಕದಲ್ಲೇ ಕಂಡರು. ಇದನ್ನು ಕೇಳಿ ದಯವಿಟ್ಟು ಯಾರೂ ರೊಟ್ಟಿ ಬಿಡಬೇಡಿ. ಅದೇ ಸಂಸ್ಥೆಯವರು ಹುಣಸೆಹಣ್ಣು ತಿಂದ ಹುಡುಗರ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಹೋಗುವುದನ್ನೂ ತೋರಿಸಿದ್ದಾರೆ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದುಕೊಂಡು ಹೊರಗೆ ಒಯ್ಯುತ್ತದೆ. ರೊಟ್ಟಿಯ ಪಕ್ಕದಲ್ಲಿ ಮೊಸರು, ನುಗ್ಗೆಸೊಪ್ಪು, ಎಳ್ಳಿನ ಹಿಂಡಿ ಇರುವ ಮನೆಯಲ್ಲಿ ಈ ರಕ್ಷಣೆ ಇದೆ. ಬರೀ ಕೆಂಪು ಖಾರ ಹಚ್ಚಿಕೊಂಡು ಉಣ್ಣುವ ಮನೆಯಲ್ಲಿ ಇಲ್ಲ. ಎಮ್ಮೆ ಇದ್ದರೂ ಹಾಲೆಲ್ಲ ಡೇರಿಗೆ ಹೋಗುವ ಮನೆಯಲ್ಲೂ ಇಲ್ಲ.

ನೀರಿನಿಂದ ಬರುವ ರೋಗ ಹಳ್ಳಿಯ ಮಾತು ಎಂದು ಪೇಟೆಯವರು ಅನ್ನಬೇಡಿ. ಗದಗ-ಬೆಟಗೇರಿಯಲ್ಲಿ, ಲಕ್ಷ್ಮೇಶ್ವರದಲ್ಲಿ ಬೇಸಿಗೆ ಬಂದರೆ ನಲ್ಲಿಗೆ ನೀರು ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ, ಕೆಲವು ಸಲ ಇನ್ನೂ ತಡ. ಅಲ್ಲಿಯತನಕ ನೀರು ಹೌದಿನಲ್ಲಿ, ಬ್ಯಾರಲ್ಲಿನಲ್ಲಿ ತುಂಬಿಟ್ಟುಕೊಳ್ಳಬೇಕು. ಆ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವತನಕ ಬೆಳೆಯಲು ಸುಮಾರು ಎಂಟರಿಂದ ಹತ್ತು ದಿನ ಸಾಕು. ನೀರು ಬಿಡುವ ಗಡುವೂ ಸೊಳ್ಳೆ ಬೆಳೆಯುವ ಗಡುವೂ ಒಂದೇ ಆದ ಮೇಲೆ ಬೆಟಗೇರಿಯ ಮನೆಯವರಿಗೆ ಸ್ವಚ್ಛತೆಯ ಪಾಠ ಹೇಳಿ ಏನು ಫಲ? ಮೊಟ್ಟೆ ಹೌದಿನ ಗೋಡೆಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಅದಕ್ಕೇ ಬ್ರಷ್ ಹಾಕಿ ತಿಕ್ಕಿ ತೊಳೆಯಬೇಕು. ಅದೂ ಅಂಗಳದಲ್ಲಿ ಇನ್ನೊಂದು ಹೌದು ಕಟ್ಟಿಸಿಕೊಳ್ಳಲು ಅನುಕೂಲ ಇರುವವರಿಗೆ ಸುಲಭ. ಇರುವ ಒಂದೇ ಬ್ಯಾರಲ್ಲಿನ ನೀರನ್ನು ಯಾರು ಚೆಲ್ಲುತ್ತಾರೆ?

ಮತ್ತೆ ಮಕ್ಕಳ ಮಾತಿಗೆ ಬರುತ್ತೇನೆ. ಬಾಲ್ಯದ ಗುರುತು ಮುಪ್ಪಿನವರೆಗೂ ಬರುತ್ತದೆ ಎಂಬುದಕ್ಕೆ ಜಗತ್ತು ನೆನೆಯುವ ಒಂದು ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟ ಪುಸ್ತಕಗಳು ಉಳಿದಿದ್ದವು. ಆ ಪುಸ್ತಕ ಹಿಡಿದು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ದೊಡ್ಡವರಾಗಿದ್ದ 517 ಜನರನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕೇಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ರೋಗ. 3.1 ಕೇಜಿ ಮೇಲಿದ್ದವರಲ್ಲಿ ನೂರಕ್ಕೆ 3. ತಾಯಿ ಬಸುರಿಯಾಗಿದ್ದಾಗ ಉಂಡದ್ದು ಮಗನ ಐವತ್ತನೇ ವರ್ಷದ ಎದೆಯಲ್ಲಿ ಕಾಣಿಸಿಕೊಂಡಿತು ಎಂದೇ ನಾನು ಇದನ್ನು ಓದುತ್ತೇನೆ. ನಮ್ಮ ತಾಯಂದಿರ ಸ್ಥಿತಿ ನೋಡಿ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 47.8 ಜನರಿಗೆ ರಕ್ತಹೀನತೆ ಇತ್ತು. ಅಂಗನವಾಡಿಯ ಊಟ ಇದೆ ನಿಜ, ಆದರೆ ದುಡಿಮೆಗೆ ಗುಳೆ ಹೋದ ತಾಂಡಾದ ಬಾಣಂತಿಯ ಹಿಂದೆ ಅದು ಗೋವಾಕ್ಕೆ ಹೋಗುವುದಿಲ್ಲ.

ತುಂಗಭದ್ರೆಯ ನೀರು ಪೈಪಿನಲ್ಲಿ ಹಳ್ಳಿಗಳಿಗೆ ಬರುತ್ತಿದೆ, ಸಂತೋಷ. ಆದರೆ ಕರೆಂಟು ಹೋದಾಗ, ಪೈಪು ಒಡೆದಾಗ ಮೊದಲು ಒಣಗುವುದು ಕೊನೆಯ ಊರಿನ ನಲ್ಲಿ. ಆಗ ಜನ ಮತ್ತೆ ಬೋರಿಂಗಿಗೇ ಹೋಗುತ್ತಾರೆ. ಹೊಳೆನೀರು ಕೊರತೆಯಾದ ದಿನ ಯಾರಿಗೆ ಮೊದಲು ಎಂಬುದನ್ನು ಗ್ರಾಮಸಭೆಯಲ್ಲಿ ಮೊದಲೇ ಬರೆದಿಡಬೇಕು. ನನ್ನ ಅಭಿಪ್ರಾಯದಲ್ಲಿ ಅಂಗನವಾಡಿಯ ಅಡುಗೆಮನೆಗೆ ಮೊದಲು, ಬಸುರಿ ಬಾಣಂತಿಯರ ಮನೆಗೆ ಆಮೇಲೆ, ನಂತರ ಉಳಿದವರಿಗೆ. ಜಲಜೀವನ ಮಿಷನ್ ಅಡಿ ಪ್ರತಿ ಊರಿನಲ್ಲಿ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸಬೇಕೆಂಬ ನಿಯಮವಿದೆ. ನಿಮ್ಮೂರಿನ ಆ ಐವರು ಯಾರು ಎಂದು ನಾಳೆಯೇ ಪಂಚಾಯತಿಯಲ್ಲಿ ಕೇಳಿ. ತಾಯಿ ಕಾರ್ಡಿನಲ್ಲಿ ಕೂಸಿನ ತೂಕ ಬರೆಯುವಾಗ ಪಕ್ಕದಲ್ಲೇ ಆ ಮನೆಯ ನೀರಿನ ಫ್ಲೋರೈಡ್ ಅಂಕಿಯನ್ನೂ ಬರೆಯಿಸಿ, ಮುಂಗಾರಿಗೆ ಮುಂಚೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ.