ಒಂದು ಲಕ್ಷದ ಕಾರು ಮತ್ತು ನಾವು

(ರಾಯಚೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ದೇವದುರ್ಗ, ಮಾನ್ವಿ ಕಡೆಯಿಂದ ಟಂಟಂನಾಗ ಒಬ್ಬರ ತೊಡೆ ಮೇಲೊಬ್ಬರು ಕುಂತು ಬಂದೀರಿ. ಅದಕ್ಕೇ ಇವತ್ತು ಕಾರಿನ ಮಾತು. ನಗಬ್ಯಾಡ್ರಿ.

2008ರ ಜನವರಿ 10ರಂದು ದೆಹಲಿಯಲ್ಲಿ ಟಾಟಾದವರು ನ್ಯಾನೋ ಕಾರು ತೋರಿಸಿದರು. ಬೆಲೆ ಒಂದು ಲಕ್ಷ, ತೆರಿಗೆ ಬೇರೆ. ಒಂದೇ ಸ್ಕೂಟರ್ ಮೇಲೆ ಗಂಡ, ಹೆಂಡತಿ, ಮಕ್ಕಳು ಹೋಗುವುದನ್ನು ಕಂಡು ರತನ್ ಟಾಟಾ ಅವರಿಗೆ ಇದು ಹೊಳೆಯಿತಂತೆ. ಒಳ್ಳೆಯದೇ. ಎರಡೇ ಸಿಲಿಂಡರಿನ ಎಂಜಿನ್ನು, ಅದೂ ಹಿಂದೆ, ಒಂದೇ ವೈಪರು, ಗಾಲಿಗೆ ಮೂರೇ ನಟ್ಟು. ನಮ್ಮಲ್ಲಿ ಇಂಜಿನಿಯರಿಂಗ್ ಓದುವವರು ಇದನ್ನು ನೋಡಿ ಕಲಿಯಬೇಕು.

ಆದರೆ ಲೆಕ್ಕ ಹಾಕ್ರಿ. 2006ರಲ್ಲಿ ಉದ್ಯೋಗ ಖಾತ್ರಿ ಮೊದಲು ಬಂದ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ಆಗ ಮನೆಗೆ ವರ್ಷಕ್ಕೆ 100 ದಿನ ಕೆಲಸ. ಕೂಲಿ 100 ರೂಪಾಯಿ ಎಂದೇ ಹಿಡಿಯಿರಿ, ಆಗ ಅಷ್ಟೂ ಇರಲಿಲ್ಲ. ಉಪವಾಸ ಕುಂತು ಕೂಡಿಟ್ಟರೂ ಹತ್ತು ವರ್ಷ. ಹತ್ತು ವರ್ಷ ತುಂಬಿದ 2018ಕ್ಕೆ ಆ ಕಾರು ಮಾಡುವುದೇ ಹೆಚ್ಚುಕಡಿಮೆ ನಿಂತಿತ್ತು!

ಕೊಳ್ಳುವ ತಾಕತ್ತಿದ್ದವರು ಯಾಕೆ ಕೊಳ್ಳಲಿಲ್ಲ? ಬೆಲೆ ಏರಿತು, ಕೆಲವು ಕಾರಿಗೆ ಬೆಂಕಿ ಹತ್ತಿತು, ಅವೂ ಕಾರಣಗಳೇ. ದೊಡ್ಡ ಕಾರಣ ಹೆಸರು. 'ಎಲ್ಲಕ್ಕಿಂತ ಅಗ್ಗದ್ದು' ಎಂಬ ಹಣೆಪಟ್ಟಿ ಅಂಟಿತು. ಹಾಗೆ ಮಾರಿದ್ದು ತಪ್ಪಾಯಿತೆಂದು ರತನ್ ಟಾಟಾ ಅವರೇ ಆಮೇಲೆ ಒಪ್ಪಿದರು. ನಮಗೇನು ಇದು ಹೊಸದೆ? ಪುಕ್ಕಟೆ ತಟ್ಟೆ, ಪುಕ್ಕಟೆ ಕಂಬಳಿ, ಪುಕ್ಕಟೆ ಪುಸ್ತಕ ಹಿಡಿದು ಹೋಗುವಾಗ ಬೆನ್ನಿಗೆ ಬೀಳುವ ನೋಟ ಹಾಸ್ಟೆಲಿನ ಪ್ರತಿ ಹುಡುಗನಿಗೂ ಗೊತ್ತು. ಕಂಪನಿಗೆ ಗೊತ್ತಿರಲಿಲ್ಲ.

ಆ ಕಾರಿಗೆಂದು ಮೊದಲು ಬಂಗಾಳದ ಸಿಂಗೂರಿನಲ್ಲಿ 997 ಎಕರೆ ಹಿಡಿದಿದ್ದರು. ಕೊಡಲೊಲ್ಲದ ರೈತರು ಎದ್ದರು, ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು. 2016ರಲ್ಲಿ ಸುಪ್ರೀಂ ಕೋರ್ಟು ಭೂಮಿ ವಾಪಸು ಕೊಡಿಸಿತು. ಆ ಹೊಲಗಳಲ್ಲಿ ಕೂಲಿ ಮಾಡಿದವರ ಹೆಸರು ಯಾವ ಪಹಣಿಯಲ್ಲಿತ್ತು?

ಹಾಗಂತ ಕಾರು ನಮಗ್ಯಾಕೆ ಅನ್ನಬ್ಯಾಡ್ರಿ. 1901ರಲ್ಲಿ ಬಾಲಕ ಅಂಬೇಡ್ಕರರು ಗೋರೆಗಾಂವದಲ್ಲಿದ್ದ ತಂದೆಯ ಕಡೆ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ, ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕಡೆಗೆ ದುಪ್ಪಟ್ಟು ಬಾಡಿಗೆ ಕೊಟ್ಟರು. ಎತ್ತು ಹೊಡೆದವರು ಆ ಹುಡುಗರೇ, ಗಾಡಿಯವನು ಪಕ್ಕದಲ್ಲಿ ನಡೆದ. ನಮಗೆ ಸ್ವಂತ ಗಾಲಿ ಅಂದರೆ ಡೌಲಲ್ಲ. 'ಹತ್ತಲೇನ್ರಿ' ಅಂತ ಯಾರನ್ನೂ ಕೇಳದೆ ಊರಿಗೆ ಹೋಗುವುದು.

18 ತುಂಬಿದವರು ರಜೆಯಲ್ಲಿ ಡ್ರೈವಿಂಗ್ ಕಲಿಯಿರಿ, ಹುಡುಗಿಯರೂ. ದೇವದುರ್ಗದವರಿಗೆ ಬಸ್ಸಿನ ಹೊತ್ತಾಯ್ತು. ಕೇಳೋದಿದ್ದರೆ ಸ್ಟ್ಯಾಂಡಿನ ತನಕ ನಡೀತಾ ಕೇಳ್ರಿ.