ಪದ ಉಳಿಯಿತು, ಮಟ್ಟು ಎಲ್ಲಿ?



ಹೂಡೆಯ ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸ್ವರ್ಣಾ ನದಿ. ಇದೇ ಸೀಮೆಯ, ಬ್ರಹ್ಮಾವರದ ಬಳಿಯ ಆರೂರಿನಲ್ಲಿ 1914ರಲ್ಲಿ ಹುಟ್ಟಿದವರು ಪಿ. ಕಾಳಿಂಗರಾಯರು. ಕನ್ನಡ ಕವಿತೆಯನ್ನು ಪುಸ್ತಕದಿಂದ ಎತ್ತಿ ವೇದಿಕೆಗೆ ತಂದ ಗಾಯಕರಲ್ಲಿ ಅವರ ಹೆಸರು ಮೊದಲ ಸಾಲಿನದು. ಆದ್ದರಿಂದ ಒಬ್ಬನೇ ಗಾಯಕ ಸಭೆಯೆದುರು ನಿಂತು ಹಾಡುವ ಬಗೆಯನ್ನು ಕುರಿತು ಇಲ್ಲಿ ಮಾತನಾಡುವುದು ಉಚಿತವೇ ಆಗಿದೆ.

ತಾನೇ ಪದ ಕಟ್ಟಿ, ತಾನೇ ಗಿಟಾರ್ ನುಡಿಸಿ, ಒಬ್ಬನೇ ಹಾಡುವ ಪರಂಪರೆ ಅಮೆರಿಕದಲ್ಲಿ ಬಲವಾಗಿದೆ. ಜನಪದ ಗೀತೆ, ಹಳ್ಳಿಗಾಡಿನ ಕಂಟ್ರಿ ಸಂಗೀತ, ಆಫ್ರಿಕನ್ ಅಮೆರಿಕನ್ನರ ಬ್ಲೂಸ್, ಚರ್ಚಿನ ಗಾಸ್ಪೆಲ್ ಇವು ಬೆರೆತ ಸಂಗೀತವನ್ನು ಇಂದು 'ಅಮೆರಿಕಾನಾ' ಎನ್ನುತ್ತಾರೆ. ಅದರ ಹಿರಿಯರಲ್ಲಿ ಒಬ್ಬ ಓಕ್ಲಹೋಮಾದ ವುಡಿ ಗತ್ರಿ (1912-1967). 1930ರ ದಶಕದ ಧೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡು ಗುಳೆ ಹೋದ ರೈತರ ಪಾಡನ್ನು ಆತ ಹಾಡಾಗಿಸಿದ. ಅನೇಕ ಬಾರಿ ಜನರಿಗೆ ಮೊದಲೇ ಗೊತ್ತಿದ್ದ ಹಳೆಯ ಮಟ್ಟಿಗೆ ಹೊಸ ಪದ ಹೊಂದಿಸುತ್ತಿದ್ದ. ಯಕ್ಷಗಾನದ ಪ್ರಸಂಗಕರ್ತರು ಬಳಕೆಯ ಮಟ್ಟುಗಳಲ್ಲಿ ಪದ್ಯ ರಚಿಸಿದಂತೆಯೇ ಇದು.

ಒಬ್ಬನೇ ಹಾಡುವುದರಿಂದ ಆಗುವ ಲಾಭವೇನು? ಲಯ ಪೂರ್ತಿಯಾಗಿ ಗಾಯಕನ ಕೈಯಲ್ಲಿರುತ್ತದೆ. ಒಂದು ಮಾತನ್ನು ಎಳೆಯಬಹುದು, ನಡುವೆ ನಿಲ್ಲಿಸಿ ಕಥೆ ಹೇಳಬಹುದು, ಸಭೆಯ ಮುಖ ನೋಡಿ ಮುಂದಿನ ಹಾಡನ್ನು ಬದಲಿಸಬಹುದು. ವಾದ್ಯಗಳ ಅಬ್ಬರವಿಲ್ಲದ ಕಾರಣ ಪದ ಸ್ಪಷ್ಟವಾಗಿ ಕೇಳುತ್ತದೆ. ಹಾಡಿನಲ್ಲಿ ಹುರುಳಿಲ್ಲದಿದ್ದರೆ ಅದೂ ಅಷ್ಟೇ ಸ್ಪಷ್ಟವಾಗಿ ಕೇಳುತ್ತದೆ.

ಕನ್ನಡಕ್ಕೆ ಇದು ಹೊಸದಲ್ಲ. ತಂಬೂರಿ ಮೀಟುತ್ತ ಊರೂರು ತಿರುಗಿದ ಹರಿದಾಸರು ಪದವನ್ನೂ ತಾವೇ ಕಟ್ಟಿದರು, ತಾವೇ ಹಾಡಿದರು. ಪುರಂದರದಾಸರಾಗಲಿ ಕನಕದಾಸರಾಗಲಿ ಹಾಡಿನ ಕೊನೆಯಲ್ಲಿ ಅಂಕಿತವಿಟ್ಟರು. ಅಂಕಿತದಿಂದ ಕೃತಿ ಯಾರದೆಂಬುದು ಉಳಿಯಿತು. ಆದರೆ ಅವರು ಅದನ್ನು ಹೇಗೆ ಹಾಡಿದರು ಎಂಬುದು ಉಳಿಯಲಿಲ್ಲ. ಇಂದು ಕೇಳುವ ದೇವರನಾಮಗಳಲ್ಲಿ ಬಹುಪಾಲಿಗೆ ರಾಗ ಸಂಯೋಜಿಸಿದವರು ನಂತರದ ಕಾಲದ ಗಾಯಕರು.

ಗತ್ರಿಯ ಕಥೆಯೂ ಹೀಗೆಯೇ ಆಯಿತು. ಆತ ಬರೆದಿಟ್ಟ ಸಾವಿರಕ್ಕೂ ಹೆಚ್ಚು ಪದಗಳಿಗೆ ಮಟ್ಟಿನ ದಾಖಲೆ ಇಲ್ಲ. ಅವುಗಳಲ್ಲಿ ಕೆಲವನ್ನು ಮಗಳು ನೋರಾ ಇಂಗ್ಲೆಂಡಿನ ಗಾಯಕ ಬಿಲ್ಲಿ ಬ್ರ್ಯಾಗ್‌ಗೆ ಒಪ್ಪಿಸಿದರು. ಆತ ಅಮೆರಿಕದ ವಿಲ್ಕೋ ತಂಡದೊಡನೆ ಹೊಸ ಮಟ್ಟು ಹಾಕಿ 1998ರಲ್ಲಿ 'ಮರ್ಮೇಡ್ ಅವೆನ್ಯೂ' ಧ್ವನಿಮುದ್ರಿಕೆ ತಂದ. ಹಾಡುಗಳು ಬದುಕಿದವು, ಆದರೆ ಬೇರೆಯವರ ದನಿಯಲ್ಲಿ.

ಅಚ್ಚಿನ ಯುಗದಲ್ಲಿ ಕನ್ನಡದ ಕವಿ ಮತ್ತು ಗಾಯಕ ಬೇರೆಯಾದರು. ಕವಿ ಪುಸ್ತಕದಲ್ಲಿ ಉಳಿದ, ಓದು ಬಾರದವರಿಗೆ ದೂರವಾದ. ಈ ಬಿರುಕಿಗೆ ಸೇತುವೆಯಾದವರು ಕಾಳಿಂಗರಾಯರು. ಪದ ಕವಿಗಳದು, ಕಂಠ ಅವರದು. 1981ರಲ್ಲಿ ಅವರು ತೀರಿಕೊಂಡರೂ ಧ್ವನಿಮುದ್ರಿಕೆಗಳ ಕಾರಣದಿಂದ ಅವರ ಹಾಡಿನ ರೀತಿ ಇಂದಿಗೂ ಕೇಳಸಿಗುತ್ತದೆ. ಪುರಂದರದಾಸರಿಗೆ ಸಿಗದ ಭಾಗ್ಯವಿದು.

ತುಳುನಾಡಿನ ಪಾಡ್ದನಗಳಿಗಂತೂ ಅಂಕಿತವೂ ಇಲ್ಲ. ಕಟ್ಟಿದವರು ಯಾರೆಂದು ತಿಳಿಯದು. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರ ತಂಡ ಗೋಪಾಲ ನಾಯ್ಕರ ಬಾಯಿಂದ ಸಿರಿ ಮಹಾಕಾವ್ಯವನ್ನು ದಾಖಲಿಸಿತು. ಒಬ್ಬನೇ ಗಾಯಕನ ನೆನಪಿನಿಂದ ಬಂದ ಸಾಲುಗಳು 15,683. ಅವು 1998ರಲ್ಲಿ ಪುಸ್ತಕವಾಗಿ ಹೊರಬಂದವು.

ಎಲ್ಲ ಗಾಯಕರಿಗೂ ಅಂಥ ವಿದ್ವಾಂಸರು ಸಿಗುವುದಿಲ್ಲ. ನಾಟಿ ಗದ್ದೆಯಲ್ಲಿ ಪಾಡ್ದನ ಹೇಳಿದ ಹೆಂಗಸರು ಈಗ ಮುದುಕಿಯರಾಗಿದ್ದಾರೆ, ಗದ್ದೆಗಳೂ ಕಡಿಮೆಯಾಗಿವೆ. ಅವರ ಪದವನ್ನು ಬರೆದಿಟ್ಟರೆ ಅರ್ಧ ಮಾತ್ರ ಉಳಿದೀತು. ಮೊಬೈಲ್ ಇಂದು ಮನೆಮನೆಯಲ್ಲಿದೆ. ಉಳಿದರ್ಧಕ್ಕೆ ಬೇಕಾದುದು ಅಜ್ಜಿಯ ಎದುರು ಕೂತು "ಒಂದು ಪದ ಹೇಳಿ" ಎನ್ನುವವರು.