ಹ್ಯಾಟೆಯ ರೆಕ್ಕೆಯಡಿ ಎಷ್ಟು ಬಿಸಿ?

ನಾಳೆ ಬೆಳಿಗ್ಗೆ ಕೋಳಿಗೂಡಿನ ಬಾಗಿಲು ತೆಗೆಯುವ ಕೆಲಸವನ್ನು ನೀವೇ ಕೇಳಿ ಇಸಿದುಕೊಳ್ಳಿ, ಮಕ್ಕಳೇ. ಹೊರಗೆ ಮಾಗಿಯ ಚಳಿ ಇರುತ್ತದೆ, ನಿಮ್ಮ ಬೆರಳುಗಳು ತಣ್ಣಗಿರುತ್ತವೆ. ಸಾಧುವಾದ ಹ್ಯಾಟೆಯೊಂದನ್ನು ಮೆಲ್ಲಗೆ ಹಿಡಿದು ಅದರ ರೆಕ್ಕೆಯ ಅಡಿಗೆ ಕೈ ತೂರಿಸಿ. ಎಷ್ಟು ಬೆಚ್ಚಗಿದೆ, ನೋಡಿದಿರಾ! ನಮ್ಮ ಮೈಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. ಕೋಳಿಯದು 41ಕ್ಕೂ ಹೆಚ್ಚು. ನಮಗೆ ಅಷ್ಟು ಕಾವೇರಿದರೆ ಮನೆಮಂದಿ ಗಾಬರಿಯಾಗುತ್ತಾರೆ. ಕೋಳಿಗೆ ಅದೇ ಆರೋಗ್ಯ.

ಈಗ ಹೊರಗಿನ ಲೆಕ್ಕ ನೋಡೋಣ. ನಮ್ಮ ಮಂಡ್ಯ ಸೀಮೆಯಲ್ಲಿ ಡಿಸೆಂಬರ್, ಜನವರಿಯ ನಸುಕಿಗೆ ಬಿಸಿ 15–16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆದರೆ ಎಲ್ಲ ಊರಿನ ಚಳಿಯೂ ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಕಾವೇರಿ ಇದೆ, ವಿಶ್ವೇಶ್ವರಯ್ಯ ನಾಲೆ ಇದೆ, ಎಲ್ಲಿ ನೋಡಿದರೂ ಭತ್ತದ ಗದ್ದೆ, ಕಬ್ಬಿನ ತೋಟ. ಅಲ್ಲಿ ಮಂಜು ಕವಿದು ಗೂಡಿನ ಹಲಗೆಯೂ ತೇವವಾಗಿರುತ್ತದೆ. ಕೆ.ಆರ್. ಪೇಟೆಯ ಹೇಮಾವತಿ ದಂಡೆಯ ಊರುಗಳಲ್ಲೂ ಹಾಗೆಯೇ. ನಾಗಮಂಗಲದ ಹೊಲಗಳು ಬಹುಪಾಲು ಮಳೆ ನಂಬಿದವು, ರಾಗಿ ಕೊಯ್ದ ಮೇಲೆ ನೆಲ ಒಣಗಿರುತ್ತದೆ. ಒಣ ನೆಲ ಹಗಲಲ್ಲಿ ಬೇಗ ಕಾಯುತ್ತದೆ, ರಾತ್ರಿ ಅಷ್ಟೇ ಬೇಗ ಆರುತ್ತದೆ. ಕೋಳಿಗೆ ಹೆಚ್ಚು ಕಷ್ಟ ಕೊಡುವುದು ಯಾವ ಚಳಿ ಹೇಳಿ? ಒದ್ದೆ ಚಳಿ. ಯಾಕೆಂದು ತಿಳಿಯಬೇಕಾದರೆ ಪುಕ್ಕದೊಳಗೆ ಇಣುಕಬೇಕು.

ರಾತ್ರಿ ಗಳದ ಮೇಲೆ ಕೂತ ಕೋಳಿ ಹಗಲಿಗಿಂತ ದಪ್ಪಗೆ ಕಾಣುತ್ತದೆ. ಅದು ಗರಿಗಳನ್ನು ಉಬ್ಬಿಸಿಕೊಂಡಿದೆ. ಪ್ರತಿ ಗರಿಯ ಬುಡದಲ್ಲೂ ಪುಟ್ಟ ಸ್ನಾಯುಗಳಿವೆ, ಅವು ಗರಿಯನ್ನು ಎಬ್ಬಿಸಿ ನಿಲ್ಲಿಸುತ್ತವೆ. ಚಳಿಗೆ ನಿಮ್ಮ ತೋಳಿನ ರೋಮ ಏಳುತ್ತದಲ್ಲ, ಅದನ್ನು ಎಬ್ಬಿಸುವುದೂ ಇಂಥವೇ ಪುಟ್ಟ ಸ್ನಾಯುಗಳು. ಮೇಲಿನ ಗಟ್ಟಿ ಗರಿಗಳ ಕೆಳಗೆ ಮೆತ್ತನೆಯ ತುಪ್ಪಳವಿದೆ. ಆ ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡು ಅಲ್ಲಾಡದೆ ನಿಲ್ಲುತ್ತದೆ. ನಿಂತ ಗಾಳಿ ಬಿಸಿಯನ್ನು ಸುಲಭವಾಗಿ ದಾಟಿಸುವುದಿಲ್ಲ. ಕೋಳಿಯನ್ನು ಬೆಚ್ಚಗಿಡುವುದು ಗರಿಗಿಂತ ಹೆಚ್ಚಾಗಿ ಗರಿ ಹಿಡಿದಿಟ್ಟ ಈ ಗಾಳಿ.

ಗರಿ ನೆನೆದರೆ ಗಾಳಿ ಇದ್ದ ಜಾಗಕ್ಕೆ ನೀರು ಬಂದು ಕೂರುತ್ತದೆ. ನೀರು ಬಿಸಿಯನ್ನು ಭರಭರನೆ ಹೊರಗೆ ಸಾಗಿಸಿಬಿಡುತ್ತದೆ. ನಂಬಿಕೆ ಬಾರದಿದ್ದರೆ ಪರೀಕ್ಷೆ ಮಾಡೋಣ. ಒಂದೇ ಅಳತೆಯ ಎರಡು ಸ್ಟೀಲ್ ಲೋಟಕ್ಕೆ ದೊಡ್ಡವರ ಕೈಲಿ ಬಿಸಿನೀರು ಹಾಕಿಸಿ. ಒಂದಕ್ಕೆ ಒಣ ಟವೆಲು ಸುತ್ತಿ, ಇನ್ನೊಂದಕ್ಕೆ ಒದ್ದೆ ಮಾಡಿ ಹಿಂಡಿದ ಟವೆಲು ಸುತ್ತಿ. ಕಾಲು ಗಂಟೆ ಬಿಟ್ಟು ಎರಡರ ನೀರನ್ನೂ ಬೆರಳದ್ದಿ ನೋಡಿ. ಯಾವುದು ಬೇಗ ಆರಿತೆಂದು ನಾನು ಹೇಳುವುದಿಲ್ಲ, ನೀವೇ ಕಂಡುಕೊಳ್ಳಿ.

ಹಾಗಾಗಿ ಮಾಗಿಯಲ್ಲಿ ಗೂಡು ಮೊದಲು ಒಣಗಿರಬೇಕು. ನೆಲಕ್ಕೆ ಮೂರು ನಾಲ್ಕು ಬೆರಳು ದಪ್ಪ ಭತ್ತದ ಹೊಟ್ಟು ಹರಡಿ, ಆಗಾಗ ಕೆದಕಿ, ನೆನೆದದ್ದನ್ನು ಹೊರಗೆ ಹಾಕಿ. ಚಳಿಯೆಂದು ಎಲ್ಲ ಕಿಂಡಿಗಳಿಗೂ ಗೋಣಿಚೀಲ ತುರುಕುವವರಿದ್ದಾರೆ. ಪಾಪ, ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕೋಳಿಗಳು ಉಸಿರಾಡುವಾಗ ರಾತ್ರಿಯಿಡೀ ತೇವ ಹೊರಬರುತ್ತದೆ. ಹಿಕ್ಕೆಯಿಂದ ಅಮೋನಿಯಾ ಎಂಬ ಘಾಟು ಅನಿಲ ಏಳುತ್ತದೆ. ಎರಡೂ ಒಳಗೇ ಉಳಿದರೆ ಕಣ್ಣು, ಶ್ವಾಸಕೋಶ ಕೆಡುತ್ತವೆ. ಮೂಡಗಾಳಿ ನೇರವಾಗಿ ಕೋಳಿಯ ಮೈಗೆ ಬಡಿಯುವ ಕಡೆ ಮಾತ್ರ ಗೋಣಿ ಕಟ್ಟಿ, ಸೂರಿನ ಹತ್ತಿರ ಕಿಂಡಿ ತೆರೆದಿಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕೋಳಿಯ ಎತ್ತರಕ್ಕೆ ಬಗ್ಗಿ ಮೂಸಿ ನೋಡಿ. ಮೂಗು ಚುರುಗುಟ್ಟಿದರೆ ಕಿಂಡಿ ಸಾಲದು.

ಕಾಲಿಗೆ ಗರಿಯೇ ಇಲ್ಲವಲ್ಲ, ಅಲ್ಲಿಂದ ಬಿಸಿ ಸೋರಿಹೋಗುವುದಿಲ್ಲವೇ? ಇದನ್ನು ಹೇಳಲು ನನಗೆ ತುಂಬ ಇಷ್ಟ. ಮನೆಯಲ್ಲಿ ಹಾಲು ಆರಿಸುವಾಗ ಬಿಸಿ ಲೋಟವನ್ನು ತಣ್ಣೀರಿನ ಬೋಗುಣಿಯಲ್ಲಿ ಇಡುತ್ತಾರೆ, ನೋಡಿದ್ದೀರಿ. ಹಾಲೂ ನೀರೂ ಬೆರೆಯುವುದಿಲ್ಲ, ಆದರೂ ಹಾಲು ತಣ್ಣಗಾಗುತ್ತದೆ, ನೀರು ಬೆಚ್ಚಗಾಗುತ್ತದೆ. ಕೋಳಿಯ ಕಾಲಿನ ಮೇಲ್ಭಾಗದಲ್ಲಿ ನಡೆಯುವುದೂ ಇದೇ. ಮೈಯಿಂದ ಕೆಳಗಿಳಿಯುವ ಬಿಸಿ ರಕ್ತದ ನಾಳಗಳೂ, ಪಾದದಿಂದ ಮೇಲೇರುವ ತಣ್ಣನೆ ರಕ್ತದ ನಾಳಗಳೂ ಮೈಗೆ ಮೈ ತಾಗಿಸಿಕೊಂಡಿವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ದಾರಿಯಲ್ಲೇ ಕೊಟ್ಟುಬಿಡುತ್ತದೆ. ಪಾದಕ್ಕೆ ತಲುಪುವುದು ಆರಿದ ರಕ್ತ, ಮೈಗೆ ಮರಳುವುದು ಬಿಸಿಯಾದ ರಕ್ತ. ಬಿಸಿ ಹೊರಗೆ ಪೋಲಾಗುವುದು ಬಹಳ ಕಡಿಮೆ. ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿಗೆ ಹೋದಾಗ ನೀರಲ್ಲಿ ನಿಂತ ಕೊಕ್ಕರೆಗಳನ್ನು ನೋಡಿ. ಗಂಟೆಗಟ್ಟಲೆ ತಣ್ಣೀರಲ್ಲಿ ಕಾಲಿಟ್ಟು ನಿಲ್ಲಲು ಅವಕ್ಕೆ ನೆರವಾಗುವುದೂ ಇದೇ ಏರ್ಪಾಡು. ನಡುನಡುವೆ ಒಂದು ಕಾಲನ್ನು ಪುಕ್ಕದೊಳಗೆ ಎಳೆದುಕೊಂಡರೆ ಉಳಿತಾಯ ಇನ್ನೂ ಹೆಚ್ಚು. ಕೋಳಿ ಗಳದ ಮೇಲೆ ಕುಕ್ಕರಿಸಿದಾಗಲೂ ಹೊಟ್ಟೆಯ ಪುಕ್ಕ ಎರಡೂ ಪಾದಗಳನ್ನು ಮುಚ್ಚುತ್ತದೆ.

ಈ ಬಿಸಿ ಹುಟ್ಟುವುದು ಮೇವಿನಿಂದ. ಸಂಜೆ ರಾಗಿ, ಜೋಳ, ನುಚ್ಚು ಹಾಕಿ, ಕತ್ತಲಾದ ಮೇಲೆ ಕೋಳಿಯ ಕೊರಳ ಬುಡ ಮುಟ್ಟಿದರೆ ಅಲ್ಲೊಂದು ಚೀಲ ಕಾಳಿನಿಂದ ಉಬ್ಬಿರುವುದು ಕೈಗೆ ಸಿಗುತ್ತದೆ. ಬೆಳಿಗ್ಗೆ ಮುಟ್ಟಿ ನೋಡಿ, ಅದು ಬರಿದಾಗಿರುತ್ತದೆ. ರಾತ್ರಿಯೆಲ್ಲ ಒಂದೊಂದೇ ಕಾಳು ಜೀರ್ಣವಾಗಿ ಮೈಗೆ ಕಾವು ಕೊಟ್ಟಿದೆ.

ಇಷ್ಟೆಲ್ಲ ಅನುಕೂಲ ಇರುವುದು ದೊಡ್ಡ ಕೋಳಿಗೆ. 21 ದಿನದ ಕಾವು ಮುಗಿಸಿ ಹೊರಬಂದ ಮರಿಗೆ ನವಿರಾದ ತುಪ್ಪಳ ಮಾತ್ರ ಇರುತ್ತದೆ, ತನ್ನ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ಮೊದಲ ವಾರ ಅದರ ಸುತ್ತ 33–35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಬಹುದು. ತಾಯಿ ಇದ್ದರೆ ಚಿಂತೆಯಿಲ್ಲ. ಕಾವಿಗೆ ಕೂತ ಹ್ಯಾಟೆಯ ಎದೆ, ಹೊಟ್ಟೆಯ ಕೆಲವು ಪುಕ್ಕ ಉದುರಿ ಚರ್ಮ ಬರಿದಾಗಿರುತ್ತದೆ. ಆ ಬಿಸಿ ಚರ್ಮವೇ ಮೊದಲು ಮೊಟ್ಟೆಗೆ, ಆಮೇಲೆ ಮರಿಗಳಿಗೆ ತಾಗುತ್ತದೆ.

ತಾಯಿ ಇಲ್ಲದ ಮರಿಗಳಿಗೆ ಹಳೇ ಕಾಲದ ತಂತಿಯ ಬಲ್ಬನ್ನು ಭದ್ರವಾಗಿ ಇಳಿಬಿಡಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಬೇಕಾದಷ್ಟು ಬಿಸಿ ಕೊಡುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಮಾತ್ರ ಇಡಲೇಬೇಡಿ, ಅದರಿಂದ ಏಳುವ ಇಂಗಾಲದ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಆದರೆ ಜೀವ ತೆಗೆಯುತ್ತದೆ. ಬಿಸಿ ಸರಿಯಿದೆಯೇ ಎಂದು ತಿಳಿಯಲು ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಕೀಚುಗುಟ್ಟಿದರೆ ಚಳಿ. ಬಾಯಿ ಬಿಟ್ಟುಕೊಂಡು ದೂರ ಸರಿದರೆ ಸೆಕೆ. ಅಲ್ಲಲ್ಲಿ ಹರಡಿ ಮೇಯುತ್ತಿದ್ದರೆ ಹಿತವಾಗಿದೆ.

ಇನ್ನೊಂದು ಮಾತು ಮನಸ್ಸಲ್ಲಿರಲಿ. ರಾತ್ರಿ ಉಬ್ಬಿ ಕೂತ ಕೋಳಿ ಚೆನ್ನಾಗಿದೆ. ನಡುಹಗಲ ಬಿಸಿಲಲ್ಲೂ ಉಬ್ಬಿಕೊಂಡು ತೂಕಡಿಸುವ ಕೋಳಿ ಕಾಯಿಲೆಬಿದ್ದಿದೆ. ಹಸಿರು ಬಣ್ಣದ ಹಿಕ್ಕೆ, ತಿರುಚಿದ ಕತ್ತು ಕಂಡರೆ ಕೊಕ್ಕರೆ ರೋಗವಿರಬಹುದು. ಆ ಕೋಳಿಯನ್ನು ಮುಟ್ಟದೆ ದೊಡ್ಡವರಿಗೆ ಹೇಳಿ, ಪಶು ಆಸ್ಪತ್ರೆಯಲ್ಲಿ ತೋರಿಸಲಿ. ಈ ರೋಗ ಬಾರದಂತೆ ಮೊದಲೇ ಹಾಕಿಸುವ ಲಸಿಕೆ ಇದೆ.

ಚಳಿಗಾಲದಲ್ಲಿ ಮೊಟ್ಟೆ ಕಡಿಮೆಯಾದರೆ ಮನೆಯಲ್ಲಿ ಚಳಿಯನ್ನೇ ಬೈಯುತ್ತಾರೆ. ಬೆಳಕಿಗೂ ಅದರಲ್ಲಿ ಪಾಲಿದೆ. ಶ್ರೀರಂಗಪಟ್ಟಣದಲ್ಲಿ ಜೂನ್ ಕೊನೆಯ ಹಗಲು 13 ಗಂಟೆಗೆ ತುಸು ಕಡಿಮೆ, ಡಿಸೆಂಬರ್ 22ರ ಸುಮಾರಿಗೆ 11 ಗಂಟೆ 20 ನಿಮಿಷದ ಆಸುಪಾಸು. ಈ ವ್ಯತ್ಯಾಸ ಕೋಳಿಗೆ ಗೊತ್ತಾಗುತ್ತದೆ, ಅದೂ ಕಣ್ಣಿನಿಂದ ಮಾತ್ರವಲ್ಲ! ಅದರ ತೆಳು ತಲೆಬುರುಡೆಯನ್ನು ತೂರಿ ಒಳಹೋದ ಬೆಳಕನ್ನು ಮಿದುಳಿನ ಆಳದ ಕೆಲವು ಜೀವಕೋಶಗಳು ನೇರವಾಗಿ ಗುರುತಿಸುತ್ತವೆ. ಹಗಲು ಉದ್ದವಾದಾಗ ಅಲ್ಲಿಂದ ಮೊಟ್ಟೆಯಿಡುವ ಸೂಚನೆ ಹೊರಡುತ್ತದೆ. ದೊಡ್ಡ ಕೋಳಿ ಫಾರಂಗಳಲ್ಲಿ ದೀಪ ಹಚ್ಚಿ ಹಗಲನ್ನು 16 ಗಂಟೆಯವರೆಗೆ ಹಿಗ್ಗಿಸುವುದು ಇದಕ್ಕಾಗಿಯೇ. ನಿಮ್ಮ ಮನೆಯ ಕೋಳಿಗಳ ಲೆಕ್ಕವನ್ನು ಯುಗಾದಿಯವರೆಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಿನದ ಮೊಟ್ಟೆ ಎಷ್ಟು, ಸೂರ್ಯ ಮುಳುಗಿದ್ದು ಎಷ್ಟು ಹೊತ್ತಿಗೆ, ಯಾವ ಹ್ಯಾಟೆ ಕಾವಿಗೆ ಕೂತಿದೆ. ಮೂರನೆಯದನ್ನು ಮರೆಯಬೇಡಿ, ಕಾವಿಗೆ ಕೂತ ಹ್ಯಾಟೆ ಹಗಲು ಎಷ್ಟೇ ಉದ್ದವಾದರೂ ಮೊಟ್ಟೆ ಇಡುವುದಿಲ್ಲ.